ಅಕ್ಕನ ಮಗ ಒಗಟಿನ ಹಲಗೆಯನ್ನೇ ಮಗುಚಿ ಹಾಕಿದ. ಇದು ಮೋಸವಾ, ಆಟವಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿ ತಲೆಯಲ್ಲೇ ಕೂತುಬಿಟ್ಟಿದೆ. ಇಲ್ಲಿ ಆಟ ಆಡುವವರೂ ಇದ್ದೀರಿ, ಆಟ ಮಾಡುವವರೂ ಇದ್ದೀರಿ. ಅದಕ್ಕೇ ಕೇಳೋಣ ಅಂತ ಬಂದೆ.

ಅಕ್ಕನ ಮಗ ರಜೆಗೆ ಬಂದಿದ್ದಾನೆ, ಹನ್ನೊಂದು ವರ್ಷ. ನನ್ನ ಸ್ವಿಚ್ ಗೇಮ್ ಯಂತ್ರದಲ್ಲಿ ಜೆಲ್ಡಾ ಆಡುತ್ತಿದ್ದ, ಬ್ರೆತ್ ಆಫ್ ದಿ ವೈಲ್ಡ್. ಹಟೆನೊ ಊರಿನ ಗುಡಿಯೊಳಗೆ ಒಂದು ಒಗಟು ಇದೆ, ಆಡಿದವರಿಗೆ ನೆನಪಿರುತ್ತದೆ. ಗೋಡೆ ಗೋಡೆ ಇರುವ ಒಂದು ದೊಡ್ಡ ಹಲಗೆ. ಅದರ ಮೇಲೊಂದು ಗುಂಡು ಬೀಳುತ್ತದೆ. ನಾವು ಕೈಯಲ್ಲಿರುವ ಕಂಟ್ರೋಲರನ್ನು ಹೇಗೆ ವಾಲಿಸುತ್ತೇವೋ ಹಲಗೆಯೂ ಹಾಗೇ ವಾಲುತ್ತದೆ. ಗುಂಡನ್ನು ಸಂದಿಯೊಳಗೆಲ್ಲ ಉರುಳಿಸಿಕೊಂಡು ಹೋಗಿ ಆ ತುದಿಗೆ ಮುಟ್ಟಿಸಬೇಕು. ನಾನು ಆಡಿದಾಗ ಅರ್ಧ ಗಂಟೆ ಹಿಡಿದಿತ್ತು.

ಇವನು ಐದಾರು ಸಲ ಗುಂಡು ಬೀಳಿಸಿದ. ಆಮೇಲೆ ಸುಮ್ಮನೆ ಕೂತು ಹಲಗೆ ನೋಡಿದ. ಕಂಟ್ರೋಲರನ್ನು ಪೂರ್ತಿ ಬೋರಲು ತಿರುಗಿಸಿದ. ಹಲಗೆಯೂ ಮಗುಚಿಕೊಂಡಿತು. ಅದರ ಬೆನ್ನು ಸಪಾಟು, ಒಂದು ಗೋಡೆಯೂ ಇಲ್ಲ. ಮುಂದಿನ ಗುಂಡು ಬಂದು ಆ ಸಪಾಟಿನ ಮೇಲೆ ಬಿತ್ತು. ಅಂಗೈಯಲ್ಲಿ ನಿಂಬೆಹಣ್ಣು ಇಟ್ಟುಕೊಂಡವನ ಹಾಗೆ ಮೆಲ್ಲಗೆ ವಾಲಿಸಿ ಉರುಳಿಸಿಬಿಟ್ಟ. ಬಾಗಿಲು ತೆರೆಯಿತು. ತಿರುಗಿ ನನ್ನ ಮುಖ ನೋಡಿ, "ಮಾಮ, ಮೋಸ ಆಯ್ತಾ ಇದು?" ಅಂದ.

ನನಗೆ ತಕ್ಷಣ ಉತ್ತರ ಬರಲಿಲ್ಲ. ಆಟ ಮಾಡಿದವರು ಒಂದು ದಾರಿ ಇಟ್ಟಿದ್ದರು. ಇವನು ಇನ್ನೊಂದು ಹುಡುಕಿದ. ಹಾಗಾದರೆ ಆ ಗಳಿಗೆಯನ್ನು ಕಟ್ಟಿದ್ದು ಯಾರು? ಆಟದ ಕಥೆಯಲ್ಲಿ ಆಡುವವನಿಗೂ ಪಾಲು ಇದೆಯಾ? ಇದ್ದರೆ ಎಷ್ಟು?

ಪಿಕ್ಸೆಲ್ ಪಲ್ಲವಿ

ಮೋಸ ಅಲ್ಲ ಅಂತ ಅವನಿಗೆ ಇವತ್ತೇ ಹೇಳಿ ಸರ್. ನಾನು ಬೆಂಗಳೂರಿನಲ್ಲಿ ಗೇಮ್ ಡಿಸೈನ್ ಕೆಲಸದಲ್ಲಿದ್ದೇನೆ. ಹಲಗೆ ಇಷ್ಟೇ ವಾಲಬೇಕು, ಇದಕ್ಕಿಂತ ಜಾಸ್ತಿ ತಿರುಗಬಾರದು ಅಂತ ಮಿತಿ ಹಾಕುವುದು ಕಷ್ಟದ ಕೆಲಸವೇ ಅಲ್ಲ. ಅದನ್ನು ಹಾಕಿಲ್ಲ. ಬೀಗ ಹಾಕದೆ ಬಿಡುವುದೂ ಡಿಸೈನರ್ ಮಾಡುವ ತೀರ್ಮಾನವೇ.

ಈ ಆಟ 2017ರ ಮಾರ್ಚ್‌ನಲ್ಲಿ ಬಂತು. ಅದರ ಹಿಂದಿನ ಯೋಚನೆಯನ್ನು ನಿರ್ದೇಶಕ ಹಿಡೆಮಾರೊ ಫುಜಿಬಯಾಶಿ ಮತ್ತು ಅವರ ತಂಡದವರು ಅದೇ ವರ್ಷ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಬಿಚ್ಚಿಟ್ಟರು. ಉರುಳುವುದು, ಬೀಳುವುದು ಇದಕ್ಕೆಲ್ಲ ಫಿಸಿಕ್ಸ್ ಎಂಜಿನ್ ಇರುತ್ತದಲ್ಲ, ಅದರ ಜೊತೆಗೆ ಕೆಮಿಸ್ಟ್ರಿ ಎಂಜಿನ್ ಅಂತ ಒಂದು ಮಾಡಿಕೊಂಡಿದ್ದರು. ಅದರಲ್ಲಿ ಇರುವುದು ಮೂರೇ ನಿಯಮ. ಬೆಂಕಿ, ನೀರು, ಕರೆಂಟಿನಂಥವು ವಸ್ತುವಿನ ಸ್ಥಿತಿ ಬದಲಿಸುತ್ತವೆ. ಅವು ಒಂದನ್ನೊಂದು ಕೂಡ ಬದಲಿಸುತ್ತವೆ. ಆದರೆ ವಸ್ತು ಇನ್ನೊಂದು ವಸ್ತುವನ್ನು ಬದಲಿಸುವುದಿಲ್ಲ. ಅಷ್ಟೇ. ಈ ಮೂರರಿಂದ ಏನೆಲ್ಲ ಹುಟ್ಟಿತು ನೋಡಿ. ಹುಲ್ಲಿಗೆ ಬೆಂಕಿ ಇಟ್ಟರೆ ಬಿಸಿ ಗಾಳಿ ಮೇಲೇಳುತ್ತದೆ, ಆ ಗಾಳಿ ಹಿಡಿದು ನಾವು ಮೇಲೆ ಹಾರುತ್ತೇವೆ. ಗುಡುಗು ಬರುವಾಗ ಕಬ್ಬಿಣದ ಕತ್ತಿ ಶತ್ರುವಿನ ಕಾಲ ಬುಡಕ್ಕೆ ಎಸೆದರೆ ಸಿಡಿಲು ಅಲ್ಲೇ ಹೊಡೆಯುತ್ತದೆ. ಕರೆಂಟು ಹರಿಸುವ ಒಗಟುಗಳಲ್ಲಿ ಜನ ಅಲ್ಲಿ ಕೊಟ್ಟ ಪೆಟ್ಟಿಗೆ ಬಿಟ್ಟು ತಮ್ಮ ಕತ್ತಿಗಳನ್ನೇ ಸಾಲಾಗಿ ಜೋಡಿಸಿ ತಂತಿ ಮಾಡಿಕೊಂಡರು. ಆಟ "ಆಗಲ್ಲ" ಅನ್ನಲಿಲ್ಲ. ಕಬ್ಬಿಣ ಅಂದಮೇಲೆ ಕರೆಂಟು ಹರಿಯಲೇಬೇಕು ಅಲ್ವಾ?

ಇದನ್ನೆಲ್ಲ ಮೊದಲು ಪರೀಕ್ಷೆ ಮಾಡಿದ್ದು ಹಳೇ 1986ರ ಜೆಲ್ಡಾ ತರಹ ಕಾಣುವ ಒಂದು ಚಪ್ಪಟೆ ಮಾದರಿಯಲ್ಲಿ. ಬೆಂಕಿಯ ಮೂಲಕ ಬಾಣ ಬಿಟ್ಟರೆ ಬಾಣಕ್ಕೆ ಬೆಂಕಿ ಹತ್ತುತ್ತಾ, ಅದು ಮರಕ್ಕೆ ತಾಗಿದರೆ ಮರ ಉರಿಯುತ್ತಾ, ಅಷ್ಟನ್ನು ಅದರಲ್ಲೇ ನೋಡಿಕೊಂಡರು.

ಒಂದು ಮಾತು ಹೇಳಿಬಿಡುತ್ತೇನೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಒಬ್ಬ ಟೆಸ್ಟರ್ ಹುಡುಗಿ ನಾಲ್ಕು ಪೆಟ್ಟಿಗೆ ಒಂದರ ಮೇಲೊಂದು ಇಟ್ಟು ಕೋಟೆ ಗೋಡೆ ಹಾರಿಬಿಟ್ಟಳು. ಬಾಗಿಲಿನ ಕೀಲಿಕೈ ಹುಡುಕಲೇ ಇಲ್ಲ. ಅವಳ ಖುಷಿ ನೋಡಬೇಕಿತ್ತು. ಮರುದಿನ ಆ ಜಾಗದಲ್ಲಿ ಕಾಣದ ಗೋಡೆ ಹಾಕಲು ಹೇಳಿದರು. ನನ್ನ ಕೈಯಾರೆ ಹಾಕಿದೆ. ಅವಳು ಮತ್ತೆ ಆಡಿ, ಗಾಳಿಗೆ ಡಿಕ್ಕಿ ಹೊಡೆದು ಕೆಳಗೆ ಬಿದ್ದಳು. ಏನೂ ಮಾತಾಡಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಕೊನೇ ಬೆಂಚು

ಪಲ್ಲವಿ ಅವರೇ, ನಿಮ್ಮ ಮಾತು ಇಷ್ಟ ಆಯಿತು, ಆದರೆ ಪೂರ್ತಿ ಒಪ್ಪಲ್ಲ. ಬಿಡುಗಡೆ ಜಾಸ್ತಿ ಇದ್ದಷ್ಟೂ ಆಟ ಒಳ್ಳೇದು ಅನ್ನುವ ಹಾಗೆ ಆಗುತ್ತಿದೆ ಚರ್ಚೆ.

ನನ್ನ ಮನಸ್ಸಿನಲ್ಲಿ ಉಳಿದ ಆಟ ದಿ ಲಾಸ್ಟ್ ಆಫ್ ಅಸ್, 2013ರದು. ಆಡದವರು ಈ ಪ್ಯಾರಾ ಬಿಟ್ಟು ಮುಂದೆ ಓದಿ, ಕೊನೆ ಹೇಳುತ್ತಿದ್ದೇನೆ. ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಎಲ್ಲೀ ಅನ್ನುವ ಹುಡುಗಿ ಮಲಗಿದ್ದಾಳೆ. ಒಬ್ಬ ಡಾಕ್ಟರು ಚಾಕು ಹಿಡಿದು ಅಡ್ಡ ನಿಂತಿದ್ದಾನೆ. ಅವಳ ಪ್ರಾಣ ಹೋದರೆ ಲೋಕಕ್ಕೆ ಔಷಧಿ ಸಿಗಬಹುದು. ನನಗೆ ಅವನನ್ನು ಕೊಲ್ಲಲು ಮನಸ್ಸಿರಲಿಲ್ಲ. ಕಂಟ್ರೋಲರ್ ಹಿಡಿದು ಸುಮ್ನೆ ನಿಂತೆ. ಐದು ನಿಮಿಷ ನಿಂತಿರಬಹುದು. ಏನೂ ಆಗಲ್ಲ. ಅವನೂ ನಿಂತೇ ಇರುತ್ತಾನೆ. ಕೊಲ್ಲದೆ ಕಥೆ ಮುಂದೆ ಹೋಗಲ್ಲ. ಕೊನೆಗೆ ಗುಂಡಿ ಒತ್ತಿದೆ. ಒತ್ತಿದ್ದು ನನ್ನ ಬೆರಳು.

ಅಲ್ಲಿ "ಕೊಲ್ಲು", "ಬಿಟ್ಟುಬಿಡು" ಅಂತ ಎರಡು ಗುಂಡಿ ಇಟ್ಟಿದ್ದರೆ ನಾನು ಬಿಟ್ಟುಬಿಡುತ್ತಿದ್ದೆ, ನೆಮ್ಮದಿಯಾಗಿ ಮಲಗುತ್ತಿದ್ದೆ, ಮರೆಯುತ್ತಿದ್ದೆ. ಆಯ್ಕೆ ಕೊಡದೆ ಇದ್ದದ್ದಕ್ಕೇ ಆ ಕಥೆ ನನ್ನೊಳಗೆ ಕೂತಿದೆ. ಕಥೆ ಹೇಳುವವನಿಗೆ ಹೇಳಲು ಬಿಡಬೇಕು.

ಪಿಕ್ಸೆಲ್ ಪಲ್ಲವಿ

ನೀವು ಹೇಳಿದ ಜಾಗ ನನಗೂ ನೆನಪಿದೆ, ನಾನೂ ನಿಂತಿದ್ದೆ. ಅದನ್ನು ಕೆಟ್ಟದ್ದು ಅನ್ನಲ್ಲ.

ನಾನು ಎರಡನ್ನು ಬೇರೆ ಬೇರೆ ಮಾಡಿ ನೋಡುತ್ತೇನೆ. ಒಂದು, ಆಯ್ಕೆ. ಡಿಸೈನರ್ ಎರಡು ಬಾಗಿಲು ಇಡುತ್ತಾನೆ, ನೀವು ಒಂದನ್ನು ತೆರೆಯುತ್ತೀರಿ. ಎರಡರ ಆಚೆಗೂ ಅವನು ಬರೆದದ್ದೇ ಇರುತ್ತದೆ. ಹೀಗೆ ಹತ್ತು ಕಡೆ ಎರಡೆರಡು ಬಾಗಿಲು ಇಟ್ಟರೆ 1024 ದಾರಿ ಆಗುತ್ತದೆ. ಅಷ್ಟನ್ನು ಬರೆಯಲು, ದನಿ ಕೊಡಲು, ಪರೀಕ್ಷೆ ಮಾಡಲು ಯಾರ ಕೈಲಾಗುತ್ತದೆ? ಅದಕ್ಕೇ ದಾರಿಗಳು ಕವಲೊಡೆದು ಸ್ವಲ್ಪ ದೂರ ಹೋಗಿ ಮತ್ತೆ ಒಂದೇ ಕಡೆ ಸೇರುತ್ತವೆ. ಟೆಲ್‌ಟೇಲ್‌ನವರ ದಿ ವಾಕಿಂಗ್ ಡೆಡ್ (2012) ನೆನಪಿದೆಯಾ? ನಾವು ಏನೋ ಅಂದ ಕೂಡಲೇ ಮೂಲೆಯಲ್ಲಿ "ಕ್ಲೆಮೆಂಟೈನ್ ಇದನ್ನು ನೆನಪಿಟ್ಟುಕೊಳ್ಳುತ್ತಾಳೆ" ಅಂತ ಬರುತ್ತಿತ್ತು. ಕಥೆ ಹೆಚ್ಚುಕಮ್ಮಿ ಒಂದೇ ಹಾದಿಯಲ್ಲಿ ಹೋದರೂ ಆ ಒಂದು ಸಾಲಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅದೇ ವರ್ಷ ಮಾಸ್ ಎಫೆಕ್ಟ್ 3 ಬಂದಾಗ ಉಲ್ಟಾ ಆಯಿತು. ಮೂರು ಆಟಗಳುದ್ದಕ್ಕೂ ನಿಮ್ಮ ತೀರ್ಮಾನಗಳು ಮುಖ್ಯ ಅಂದಿದ್ದರು, ಕೊನೆ ನೋಡಿ ಜನ ಸಿಟ್ಟಿಗೆದ್ದರು. ಮಾರ್ಚ್‌ನಲ್ಲಿ ಆಟ ಬಂತು, ಜೂನ್‌ನಲ್ಲಿ ಕೊನೆಯನ್ನು ಹಿಗ್ಗಿಸಿ, ವಿವರಿಸಿ ಉಚಿತವಾಗಿ ಕೊಡಬೇಕಾಯಿತು. ಕೊನೆ ಚಿಕ್ಕದಾಯಿತು ಅಂತ ಅಲ್ಲ ಜನರ ನೋವು. ನಾವೂ ಸೇರಿ ಬರೆದದ್ದು ಅಂತ ನಂಬಿಸಿ ಕೊನೇ ಪುಟ ಕಿತ್ತುಕೊಂಡರು ಅನ್ನಿಸಿತ್ತು ಅವರಿಗೆ.

ಇನ್ನೊಂದು, ನಿಯಮ. ಡಿಸೈನರ್ ಬಾಗಿಲು ಇಡುವುದಿಲ್ಲ. ಬೆಂಕಿ ಹೀಗೆ, ನೀರು ಹೀಗೆ, ಭಾರ ಹೀಗೆ ಅಂತ ಹೇಳಿ ಸುಮ್ಮನಾಗುತ್ತಾನೆ. 2000ದಲ್ಲಿ ಬಂದ ಡಿಯಸ್ ಎಕ್ಸ್‌ನಲ್ಲಿ ಗೋಡೆಗೆ ಅಂಟುವ ಬಾಂಬು ಇತ್ತು. ಜನ ಅದನ್ನು ಒಂದರ ಮೇಲೊಂದು ಅಂಟಿಸಿ, ಅದರ ಮೇಲೆ ಕಾಲಿಟ್ಟು ಗೋಡೆ ಹತ್ತಿದರು. ಬಾಂಬು ಏಣಿ ಆಯಿತು. ಇಂಥ ಕಡೆ ನಾನು ಪಾಲು ಅನ್ನುತ್ತೇನೆ. ಎರಡು ಬಾಗಿಲಲ್ಲಿ ಒಂದನ್ನು ತೆರೆದವನು ಓದುಗ. ಬಾಂಬನ್ನು ಏಣಿ ಮಾಡಿದವನು ಜೊತೆಗೆ ಕೂತು ಬರೆದವನು.

ಮದ್ದಳೆ ಮನೆ

ನಾನು ಪುತ್ತೂರು ಕಡೆಯವನು. ನೀವೆಲ್ಲ ಮಾತಾಡುತ್ತಿರುವುದು ಓದುತ್ತಾ ನನಗೆ ತಾಳಮದ್ದಳೆಯೇ ಕಣ್ಣ ಮುಂದೆ ಬಂತು.

ಗೊತ್ತಿಲ್ಲದವರಿಗೆ ಎರಡು ಮಾತು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಕೂತಿರುವ ಅರ್ಥಧಾರಿಗಳು ಪಾತ್ರವಾಗಿ ಮಾತಾಡುತ್ತಾರೆ. ಪದ್ಯ ಕವಿ ಬರೆದದ್ದು. ಮಾತು ಯಾರೂ ಬರೆದದ್ದಲ್ಲ, ಅಲ್ಲೇ ಹುಟ್ಟಬೇಕು.

ವಾಲಿವಧೆ ಆಗುತ್ತಿದೆ ಅಂತ ಇಟ್ಟುಕೊಳ್ಳಿ. ವಾಲಿ ಬೀಳಲೇಬೇಕು, ಅದನ್ನು ಯಾವ ಅರ್ಥಧಾರಿಯೂ ತಪ್ಪಿಸುವಂತಿಲ್ಲ. ಆದರೆ ಬಿದ್ದ ವಾಲಿ ರಾಮನನ್ನು ಏನು ಕೇಳುತ್ತಾನೆ? ನಾನು ಚಿಕ್ಕವನಿದ್ದಾಗ ಅಪ್ಪನ ಜೊತೆ ಹೋಗಿದ್ದ ಒಂದು ಕೂಟದಲ್ಲಿ ವಾಲಿಯ ಅರ್ಥ ಹೇಳುತ್ತಿದ್ದವರು ದನಿ ತಗ್ಗಿಸಿ, "ನಿನ್ನ ಹೆಂಡತಿಯನ್ನು ಹುಡುಕಿಕೊಡು ಅಂತ ನನ್ನನ್ನೇ ಕೇಳಬಹುದಿತ್ತಲ್ಲ" ಅಂದರು. ರಾಮನ ಅರ್ಥ ಹೇಳುವವರು ಸುಮ್ಮನಾದರು. ನಿಜವಾಗಿಯೂ ಸುಮ್ಮನಾದರು. ಸಭೆಯಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದವರ ಬಾಯಿಯೂ ನಿಂತಿತು. ಆಮೇಲೆ ಅವರು ಹೇಳಿದ ಉತ್ತರ ನನಗೆ ಮರೆತಿದೆ. ಆ ಮೌನ ಮರೆತಿಲ್ಲ. ಮಾತು ಎಳೆದಾಡುತ್ತಿದೆ ಅನ್ನಿಸಿದರೆ ಭಾಗವತರು ಮುಂದಿನ ಪದ್ಯ ಎತ್ತಿಬಿಡುತ್ತಾರೆ, ಕಥೆ ಹಳಿಗೆ ಬರುತ್ತದೆ. ಅಂದು ಅವರೂ ಎತ್ತಲಿಲ್ಲ, ಕಾದರು.

ಕೊನೇ ಬೆಂಚು ಅವರೇ, ಕೊನೆ ಗಟ್ಟಿಯಾಗಿದ್ದೂ ನಡುವೆ ಇಷ್ಟು ಜಾಗ ಬಿಡಬಹುದು. ಪದ್ಯ ಬೇಕು. ಪದ್ಯ ಇಲ್ಲದೆ ಬರೀ ಮಾತಾದರೆ ಅದು ಹರಟೆ. ಆದರೆ ಅರ್ಥಕ್ಕೆ ಜಾಗ ಕೊಡದ ಪದ್ಯ ಬರೀ ಪುಸ್ತಕದಲ್ಲೇ ಉಳಿಯುತ್ತದೆ.

ಕೊನೇ ಬೆಂಚು

ಆ ಮೌನದ ಮಾತು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನನ್ನ ಆಪರೇಷನ್ ಕೋಣೆಯ ಐದು ನಿಮಿಷವೂ ಅದೇ ಇರಬಹುದು. ಗುಂಡು ಹಾರಲೇಬೇಕಿತ್ತು. ಆದರೆ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದು ನನ್ನದಾಗಿತ್ತು. ಭಾಗವತರು ಪದ್ಯ ಎತ್ತದೆ ಕಾದರು, ಆ ಡಾಕ್ಟರನ್ನೂ ಆಟ ಕಾಯಿಸಿತು. ಈ ತರಹ ಯೋಚನೆ ಮಾಡಿರಲಿಲ್ಲ.

ಆದರೂ ಒಂದು ಕೇಳುತ್ತೇನೆ. ಬರೀ ನಿಯಮ ಇಟ್ಟು ಬಿಟ್ಟರೆ ಕಥೆ ಹುಟ್ಟುತ್ತಾ? ಗೋಡೆ ಹತ್ತುವುದು ಜಾಣತನ, ಅದು ಕಥೆ ಅಲ್ಲವಲ್ಲ.

ಕುಬ್ಜಕೋಟೆ

ಹುಟ್ಟುತ್ತದೆ. ಡ್ವಾರ್ಫ್ ಫೋರ್ಟ್ರೆಸ್ ಆಡಿ ನೋಡಿ.

ಟಾರ್ನ್ ಆಡಮ್ಸ್, ಝ್ಯಾಕ್ ಆಡಮ್ಸ್ ಅಂತ ಅಣ್ಣತಮ್ಮಂದಿರು ಮಾಡಿದ ಆಟ, ಕುಬ್ಜರ ಕೋಟೆ ಕಟ್ಟಿ ನಡೆಸುವುದು. 2006ರಿಂದ ಉಚಿತವಾಗಿ ಕೊಡುತ್ತಾ ಬಂದರು, 2022ರ ಡಿಸೆಂಬರ್‌ನಲ್ಲಿ ಚಿತ್ರಗಳ ಜೊತೆ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಗೆ ಬಂತು. ಮೊದಲು ಪರದೆ ಮೇಲೆ ಬರೀ ಅಕ್ಷರ, ಚುಕ್ಕಿ, ಚಿಹ್ನೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲಿ ಮೊದಲ ಸಲ ವಿಡಿಯೋ ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಾಗ ಆ ಹದಿನಾಲ್ಕು ಆಟಗಳಲ್ಲಿ ಇದೂ ಒಂದು. ನನಗೆ ತುಂಬಾ ಹಿಡಿಸುವ ವಿಷಯ ಏನು ಅಂದರೆ ಇವರ ಕೆಲಸದ ರೀತಿ. ಝ್ಯಾಕ್ ಮೊದಲು ಒಂದು ಸಣ್ಣ ಕಥೆ ಬರೆಯುತ್ತಾರೆ. ಆಮೇಲೆ ಇಬ್ಬರೂ ಕೂತು, ಇಂಥ ಕಥೆ ಆಟದಲ್ಲಿ ತಾನಾಗಿ ನಡೆಯಬೇಕಾದರೆ ಯಾವ ಯಾವ ನಿಯಮ ಬೇಕು ಅಂತ ಪಟ್ಟಿ ಮಾಡುತ್ತಾರೆ. ಕಥೆಯನ್ನು ಆಟದೊಳಗೆ ಹಾಕುವುದಿಲ್ಲ. ಅದರ ಬೀಜ ಹಾಕುತ್ತಾರೆ.

ಬೆಕ್ಕಿನ ಪ್ರಕರಣ ಹೇಳಲೇಬೇಕು. 2015ರಲ್ಲಿ ಆಟಕ್ಕೆ ಹೆಂಡದಂಗಡಿ ಸೇರಿಸಿದರು. ಸ್ವಲ್ಪ ದಿನಕ್ಕೆ ಆಟಗಾರರ ಕೋಟೆಗಳಲ್ಲಿ ಬೆಕ್ಕುಗಳು ಸಾಯತೊಡಗಿದವು. ಯಾರೂ ಹೊಡೆದಿಲ್ಲ, ರೋಗ ಇಲ್ಲ. ಹುಡುಕಿದಾಗ ಗೊತ್ತಾದದ್ದು ಇದು. ಕುಡುಕರು ಹೆಂಡ ಚೆಲ್ಲುತ್ತಾರೆ. ಬೆಕ್ಕು ಅದರ ಮೇಲೆ ನಡೆಯುತ್ತದೆ. ಬೆಕ್ಕು ಅಂದಮೇಲೆ ಪಾದ ನೆಕ್ಕಿ ಸ್ವಚ್ಛ ಮಾಡಿಕೊಳ್ಳುತ್ತದೆ, ಆ ನಿಯಮ ಮೊದಲೇ ಇತ್ತು. ಪಾದದಲ್ಲಿದ್ದ ಒಂದಿಷ್ಟನ್ನು ಆಟ ಪೂರ್ತಿ ಒಂದು ಪಾಲು ಹೆಂಡ ಅಂತ ಲೆಕ್ಕ ಹಾಕುತ್ತಿತ್ತು. ಪುಟ್ಟ ದೇಹ, ತಡೆಯಲಿಲ್ಲ. ಲೆಕ್ಕದ ತಪ್ಪನ್ನು ಆಮೇಲೆ ಸರಿ ಮಾಡಿದರು. ಆದರೆ ನೋಡಿ, "ಹೆಂಡದಂಗಡಿಯಲ್ಲಿ ಬೆಕ್ಕು ಸತ್ತಿತು" ಅನ್ನುವ ಸಾಲನ್ನು ಯಾರೂ ಬರೆದಿರಲಿಲ್ಲ. ಚೆಲ್ಲುವುದು, ನೆಕ್ಕುವುದು, ಮೈಗೆ ತಕ್ಕಂತೆ ನಶೆ ಏರುವುದು, ಮೂರು ಬೇರೆ ಬೇರೆ ನಿಯಮ ಸೇರಿ ಅದು ನಡೆದುಹೋಯಿತು. ಕಾರಣ ಹುಡುಕಿ, ಒಂದಕ್ಕೊಂದು ಪೋಣಿಸಿ ಅದನ್ನು ಕಥೆ ಮಾಡಿದ್ದು ಆಡುವವರು.

ಬೋಟ್‌ಮರ್ಡರ್ಡ್ ಅನ್ನುವ ಕೋಟೆಯನ್ನೂ ಹುಡುಕಿ ಓದಿ. 2006-07ರ ಹೊತ್ತಿನದು. ಒಬ್ಬರು ಒಂದು ವರ್ಷ ಆಳುವುದು, ಸೇವ್ ಫೈಲನ್ನು ಮುಂದಿನವರಿಗೆ ದಾಟಿಸುವುದು, ಏನಾಯಿತು ಅಂತ ಬರೆದು ಹಾಕುವುದು. ಆನೆಗಳ ದಾಳಿ, ಹುಚ್ಚು, ಬೆಂಕಿ. ಅಲ್ಲಿ ಲೇಖಕರು ಯಾರು ಅಂತ ನೀವೇ ಹೇಳಿ.

ಡಸ್ಟ್ ಟು ದಾವಣಗೆರೆ

ಎಲ್ಲ ಸರಿ ಗುರು. ಆದರೆ ಪಾಲು ಪಾಲು ಅಂತೀರಲ್ಲ, ಕೊನೆಗೆ ಹೆಸರು ಯಾರದ್ದು, ಹಕ್ಕು ಯಾರದ್ದು?

ನಾನು ಪಿಯುಸಿ ಓದುವಾಗ ಬ್ರೌಸಿಂಗ್ ಸೆಂಟರಿನಲ್ಲಿ ಗಂಟೆಗೆ ಇಷ್ಟು ಅಂತ ಕೊಟ್ಟು ಕೌಂಟರ್ ಸ್ಟ್ರೈಕ್ ಆಡುತ್ತಿದ್ದೆವು. ಅದು ಹಾಫ್ ಲೈಫ್ ಅನ್ನುವ ಆಟಕ್ಕೆ ಆಟಗಾರರೇ ಮಾಡಿಕೊಂಡ ಮಾಡ್, ಅಂದರೆ ಮಾರ್ಪಾಟು, ಅಂತ ಆಗ ಗೊತ್ತಿರಲಿಲ್ಲ. ಮಿನ್ ಲೀ, ಜೆಸ್ ಕ್ಲಿಫ್ ಅಂತ ಇಬ್ಬರು ಹುಡುಗರು 1999ರಲ್ಲಿ ಶುರು ಮಾಡಿದ್ದು. ವಾಲ್ವ್ ಕಂಪನಿ ಅವರನ್ನು ಕೆಲಸಕ್ಕೆ ತೆಗೆದುಕೊಂಡು ಆಟವನ್ನು ಹೊರತಂದಿತು. ಅದು ಚೆನ್ನಾಗಿ ನಡೆದ ಕಥೆ.

ಡೋಟಾ ಕಥೆ ನೋಡಿ. ವಾರ್‌ಕ್ರಾಫ್ಟ್ 3 ಆಟದ ಜೊತೆ ಅದನ್ನು ಮಾಡಿದ ಬ್ಲಿಝಾರ್ಡ್ ಕಂಪನಿ ಮ್ಯಾಪ್, ಅಂದರೆ ಆಟದ ಅಂಗಳ, ಮಾಡುವ ಸಲಕರಣೆ ಕೊಟ್ಟಿತ್ತು. ಅದರಲ್ಲಿ ಒಬ್ಬರು ಮ್ಯಾಪ್ ಮಾಡಿದರು, ಇನ್ನೊಬ್ಬರು ತಿದ್ದಿದರು, ಮತ್ತೊಬ್ಬರು ಬೆಳೆಸಿದರು. ಯೂಲ್, ಗಿನ್ಸೂ, ಐಸ್‌ಫ್ರಾಗ್, ಹೀಗೆ ಕೈಯಿಂದ ಕೈಗೆ ದಾಟಿತು. ಒಂದು ಆಟದೊಳಗಿನ ಮ್ಯಾಪಿನಿಂದ ಹೊಸ ಜಾತಿಯ ಆಟವೇ ಹುಟ್ಟಿತು. ಕೊನೆಗೆ ಆ ಹೆಸರಿಗೆ ಬ್ಲಿಝಾರ್ಡ್, ವಾಲ್ವ್ ಜಟಾಪಟಿಗೆ ಬಿದ್ದು 2012ರಲ್ಲಿ ರಾಜಿ ಮಾಡಿಕೊಂಡವು. 2020ರ ಜನವರಿಯಲ್ಲಿ ಅದೇ ಆಟದ ಹೊಸ ಆವೃತ್ತಿ ವಾರ್‌ಕ್ರಾಫ್ಟ್ 3 ರಿಫೋರ್ಜ್ಡ್ ಬಂದಾಗ ನಿಯಮದಲ್ಲೇ ಬರೆದಿದ್ದರು: ಅದರಲ್ಲಿ ನೀವು ಮಾಡುವ ಮ್ಯಾಪ್‌ಗಳೆಲ್ಲ ಬ್ಲಿಝಾರ್ಡ್ ಸ್ವತ್ತು.

ನನಗೆ ಇದು ಸರಿ ಕಾಣಲ್ಲ. ಹೊಲ ನಿಮ್ಮದು ಇರಬಹುದು. ಉತ್ತು ಬಿತ್ತಿದವನಿಗೆ ಬೆಳೆಯಲ್ಲಿ ಏನೂ ಇಲ್ಲ ಅಂದರೆ ಹೇಗೆ? ಮೈನ್‌ಕ್ರಾಫ್ಟ್, ಅದೇ ಚೌಕ ಚೌಕ ಇಟ್ಟಿಗೆ ಜೋಡಿಸಿ ಕಟ್ಟುವ ಆಟ, ಅದರ ಜಾವಾ ಆವೃತ್ತಿಯಲ್ಲಿ ನೀವೇ ಮೊದಲಿನಿಂದ ಬರೆದ ಮಾಡ್ ನಿಮ್ಮದೇ ಅಂತ ಒಪ್ಪಂದದಲ್ಲೇ ಇದೆ. ಹಾಗೆ ಬರೆಯಬಹುದು ಅಂತ ಆಯಿತಲ್ಲ.

ತೊಟ್ಟಿಮನೆ

ಮೈನ್‌ಕ್ರಾಫ್ಟ್ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಇಷ್ಟು ದಿನ ಇಲ್ಲಿ ಬರೀ ಓದುತ್ತಿದ್ದೆ.

ನಾನು ಡಬ್ಲಿನ್‌ನಲ್ಲಿ ಇದ್ದೇನೆ. 2020ರಲ್ಲಿ ಎಲ್ಲ ಬಂದ್ ಆದಾಗ ನಾನು, ನನ್ನ ತಂಗಿ, ಚಿಕ್ಕಪ್ಪನ ಇಬ್ಬರು ಮಕ್ಕಳು, ನಾಲ್ಕು ಜನ ನಾಲ್ಕು ಊರಿನಿಂದ ಒಂದು ಸರ್ವರ್‌ಗೆ ಸೇರಿಕೊಂಡೆವು. ಅಜ್ಜಿಯ ಮನೆ ಕಟ್ಟೋಣ ಅಂತ ತಂಗಿ ಹೇಳಿದಳು. ನಿಜವಾದ ಮನೆ ಮಾರಿ ಆಗಲೇ ಆರು ವರ್ಷ ಆಗಿತ್ತು. ಪಡಸಾಲೆ, ಕಂಬ, ಅಟ್ಟ, ನಡುವೆ ತೊಟ್ಟಿ. ಕಂಬ ಎಂಟೋ ಹತ್ತೋ ಅಂತ ಒಂದು ವಾರ ಜಗಳ ಆಡಿದೆವು. ಅಮ್ಮನಿಗೆ ಫೋನ್ ಮಾಡಿ ಕೇಳಿ ಎಂಟು ಅಂತ ತೀರ್ಮಾನ ಆಯಿತು. ತೊಟ್ಟಿಯ ಮೂಲೆಯಲ್ಲಿ ಅಜ್ಜಿಯ ಹಂಡೆ ಇರುತ್ತಿತ್ತು. ಹಂಡೆ ತರಹ ಕಾಣುವುದು ಆಟದಲ್ಲಿ ಕಾಲ್ಡ್ರನ್ ಒಂದೇ. ಅದನ್ನು ಇಟ್ಟೆವು.

ಒಂದು ಸಂಜೆ ಆಟದೊಳಗೆ ಮಳೆ ಬಂತು. ಮಾಡಿನ ಕೆಳಗೆ ಪಡಸಾಲೆ ಒಣಗಿಯೇ ಇತ್ತು. ತೊಟ್ಟಿಯೊಳಗೆ ಮಾತ್ರ ಮಳೆ ಸುರಿಯುತ್ತಿತ್ತು, ಥೇಟ್ ನಮ್ಮ ಮನೆ ಹಾಗೆ. ನಾವು ನಾಲ್ಕು ಜನ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದೆವು. ಆಗ ತಂಗಿ ಕೂಗಿದಳು, "ಅಕ್ಕಾ, ಹಂಡೆ ನೋಡೇ!" ಹಂಡೆಯಲ್ಲಿ ನೀರು ನಿಂತಿತ್ತು. ಬಯಲಲ್ಲಿಟ್ಟ ಕಾಲ್ಡ್ರನ್ ಮಳೆಗೆ ಸ್ವಲ್ಪ ಸ್ವಲ್ಪ ತುಂಬುತ್ತದೆ ಅನ್ನುವುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾವು ಅದನ್ನು ಹಂಡೆ ಅಂದೆವು. ಆಟವೂ ಹೌದು ಅಂದಿತು. ಆ ನಿಯಮ ಬರೆದವರಿಗೆ ತೊಟ್ಟಿಮನೆ ಅಂದರೆ ಏನು ಅಂತ ಗೊತ್ತಿರಲಿಕ್ಕಿಲ್ಲ. ಪಲ್ಲವಿ ಅವರು ಜೊತೆಗೆ ಕೂತು ಬರೆಯುವುದು ಅಂದರಲ್ಲ, ನನಗೆ ಅರ್ಥ ಆಗಿದ್ದು ಹೀಗೆ.

ಎರಡು ವರ್ಷ ಆದಮೇಲೆ ಸರ್ವರ್ ನಡೆಸುತ್ತಿದ್ದವರು ಒಂದು ದಿನ ಹೇಳದೆ ಕೇಳದೆ ಬಂದ್ ಮಾಡಿದರು. ಮೆಸೇಜ್ ಹಾಕಿದೆ, ಉತ್ತರ ಇಲ್ಲ. ಆ ಲೋಕ ಇದ್ದದ್ದು ಅವರ ಯಂತ್ರದಲ್ಲಿ, ನಮ್ಮ ಹತ್ತಿರ ಪ್ರತಿ ಇರಲಿಲ್ಲ. ಅಜ್ಜಿ ಮನೆ ಎರಡನೇ ಸಲ ಹೋಯಿತು. ದಾವಣಗೆರೆಯವರೇ, ನೀವು ಹಕ್ಕಿನ ಮಾತು ಎತ್ತಿದ್ದು ಒಳ್ಳೆಯದಾಯಿತು. ಕಟ್ಟಿದವರಿಗೆ ಕಡೇಪಕ್ಷ ಒಂದು ಪ್ರತಿ ಸಿಗಬೇಕು. ನಾನು ಕೇಳುವುದು ಅಷ್ಟೇ.

ಪಿಕ್ಸೆಲ್ ಪಲ್ಲವಿ

ಸ್ಕ್ರೀನ್‌ಶಾಟ್ ಏನಾದರೂ ಉಳಿದಿದೆಯಾ ಅಕ್ಕ?

ತೊಟ್ಟಿಮನೆ

ಹದಿನೇಳು ಇವೆ. ಅಟ್ಟದ ಒಳಗಿನದು ಮಾತ್ರ ಒಂದೂ ಇಲ್ಲ.

ಪಿಕ್ಸೆಲ್ ಪಲ್ಲವಿ

ಸಾಕು. ನನ್ನ ಹಳೇ ಕಂಪ್ಯೂಟರ್ ಒಂದು ಸುಮ್ನೆ ಕೂತಿದೆ, ಅದರಲ್ಲಿ ಸರ್ವರ್ ಹಾಕುತ್ತೇನೆ. ಪ್ರತಿ ವಾರ ಲೋಕದ ಪೂರ್ತಿ ಪ್ರತಿ ಎಲ್ಲರಿಗೂ ಕಳಿಸುತ್ತೇನೆ. ನಿಮ್ಮ ತಂಗಿ, ತಮ್ಮಂದಿರನ್ನೂ ಕರೆಯಿರಿ.

ಡಸ್ಟ್ ಟು ದಾವಣಗೆರೆ

ಕಲ್ಲು ಹೊರಲು ನಾನು ಇದ್ದೇನೆ.

ತುಂಗಾತೀರ

ಹುಡುಗನಿಗೆ ಇದನ್ನೆಲ್ಲ ಓದಿ ಹೇಳಿದೆ. ಮೋಸ ಅಲ್ಲ ಅಂತ ಗೊತ್ತಾಗಿ ಸಮಾಧಾನ ಆಯಿತು ಅವನಿಗೆ. ಹಂಡೆಯ ಭಾಗ ಎರಡು ಸಲ ಓದಿಸಿಕೊಂಡ. ಅವನೂ ಬರಬಹುದಾ ಅಂತ ಕೇಳುತ್ತಿದ್ದಾನೆ. ಹಂಡೆ ಕೆಳಗೆ ಒಲೆ ಇತ್ತಾ ಅಂತಲೂ ಕೇಳುತ್ತಿದ್ದಾನೆ.

ತೊಟ್ಟಿಮನೆ

ಬರಲಿ, ಬರಲಿ. ಒಲೆ ಇರಲಿಲ್ಲ. ಅಜ್ಜಿಯ ಮನೆಯಲ್ಲಿ ಸ್ನಾನದ ಒಲೆ ಹಿತ್ತಿಲ ಕಡೆ ಇತ್ತು, ಅದನ್ನು ನಾವು ಕಟ್ಟಿರಲೇ ಇಲ್ಲ. ಕ್ಯಾಂಪ್‌ಫೈರ್ ಇಟ್ಟರೆ ಹೊಗೆ ಮೇಲೇಳುತ್ತೆ ಅಂತ ಹೇಳಿ ಅವನಿಗೆ. ಹಿತ್ತಿಲು ಅವನೇ ಕಟ್ಟಲಿ.